ಗೋವರ್ಧನದ ಕೆಳಗೆ ಕುರಿಗಳು

೧೯೭೪ರಲ್ಲಿ ನಾನು ಹಿರಿಯೂರಿನಲ್ಲಿ ಬೋರ್ಡ್ ಪೇಂಟರ್. ಎಸ್ಸೆಸ್ಸೆಲ್ಸಿ ಮುಗಿಸಿ ಐದು ವರ್ಷ ಅಂಗಡಿ ಬೋರ್ಡು, ಲಾರಿಗಳ ಹಿಂಬದಿ ಬರೆದಿದ್ದೆ. ಆ ಬೇಸಿಗೆಯಲ್ಲಿ ಧರ್ಮಪುರ ಹೋಬಳಿಯ ಒಂದು ಕುರಿಗಾರರ ಊರಿನಿಂದ ನನಗೆ ಮೊದಲ ಗುಡಿ ಕೆಲಸ ಬಂತು. ಕೃಷ್ಣ ಗೋವರ್ಧನ ಬೆಟ್ಟ ಎತ್ತಿದ ಹಳೇ ಚಿತ್ರಪಟವೊಂದು ಅಲ್ಲಿತ್ತು. ಅದನ್ನು ಹನ್ನೆರಡು ಅಡಿ ಗೋಡೆಗೆ ಇಳಿಸಬೇಕು. ಒಪ್ಪಿಗೆಯಾದರೆ ಸುತ್ತಲಿನ ಗುಡಿಗಳೂ ನನ್ನವು. ಕೆಟ್ಟರೆ ಮತ್ತೆ ಲಾರಿಯ ಹಿಂಬದಿಯೇ ಗತಿ.

ಚಿತ್ರ ದೊಡ್ಡದು ಮಾಡುವ ರೀತಿ ಸುಲಭ. ಪಟದ ಮೇಲೆ ದಾರ ಕಟ್ಟಿ ಚೌಕ ಮಾಡಿ, ಗೋಡೆಯ ಮೇಲೂ ಅಷ್ಟೇ ಸಂಖ್ಯೆಯ ದೊಡ್ಡ ಚೌಕ ಎಳೆದು, ಒಂದೊಂದನ್ನೇ ನೋಡಿ ಬರೆಯುವುದು. ಕೃಷ್ಣ ಚೆನ್ನಾಗಿಯೇ ಬಂದ. ಹಸುಗಳು ಬರಲಿಲ್ಲ.

ಊರಿನ ಯಜಮಾನ ಈರಜ್ಜ ದಿನವೂ ಕಂಬಳಿ ಹಾಸಿ ಎದುರಿಗೇ ಕೂರುತ್ತಿದ್ದ.

“ಏನಪ್ಪ ಪೇಂಟ್ರು, ಇದು ಹಸನೋ ಮಂಚನೋ?”

ಸುತ್ತಲಿದ್ದವರು ನಕ್ಕರು. ಮೂರು ಸಲ ಕಾಲು ಅಳಿಸಿ ಬರೆದೆ. ಮೂರು ಸಲವೂ ಮಂಚವೇ ಎಂದ.

ಓದಿದವನೆಂಬ ಜಂಬ ನನಗೆ. ಮುಗಿಯುವ ತನಕ ಯಾರೂ ನೋಡಬಾರದು, ಅದು ಶಾಸ್ತ್ರ ಎಂದು ಸುಳ್ಳು ಹೇಳಿ ಗೋಡೆಗೆ ಪರದೆ ಕಟ್ಟಿಸಿದೆ. ಇವರ ಯೋಗ್ಯತೆಗೆ ಹಸು ಬೇರೆ ಕೇಡು ಎಂದುಕೊಂಡು, ಹಸುಗಳಿರಬೇಕಾದ ಕಡೆಯಲ್ಲೆಲ್ಲ ಕುರಿ ಬರೆದೆ, ಇಪ್ಪತ್ತೊಂದು. ಹೊರಗೆ ಕಟ್ಟಿದ್ದ ಈರಜ್ಜನ ಕುರಿಯೊಂದನ್ನು ನೋಡಿಕೊಂಡೇ ಅಷ್ಟನ್ನೂ ಬರೆದದ್ದು. ಪಟದಲ್ಲಿ ಕರುವೊಂದು ಕೃಷ್ಣನ ಪಾದ ನೆಕ್ಕುತ್ತಿತ್ತು. ನನ್ನ ಗೋಡೆಯಲ್ಲಿ ಟಗರೊಂದು ಅವನ ಪೀತಾಂಬರ ಅಗಿಯತೊಡಗಿತು. ಸಿಟ್ಟು ಇಳಿದ ಮೇಲೆ ಒದ್ದೆ ಬಟ್ಟೆ ಕೈಗೆತ್ತಿಕೊಂಡೆ. ಅಳಿಸೋಣವೆಂದರೆ ಹೊರಗೆ ಆಗಲೇ ಜನ ಸೇರಿದ್ದರು.

ಪರದೆ ಸರಿಯಿತು.

“ಹಸ ಎಲ್ಲಿಗೋದ್ವಪ್ಪ?” ಎಂದ ಈರಜ್ಜ.

“ದೇವ್ರು ಈ ಊರಾಗೆ ಹುಟ್ಟಿದ್ರೆ ಕುರಿನೇ ಅಲ್ವೇನಜ್ಜ ಕಾಯ್ತಿದ್ದಿದ್ದು?” ಎಂದುಬಿಟ್ಟೆ. ಏಟು ತಪ್ಪಿಸಿಕೊಳ್ಳಲು ಆಡಿದ ಮಾತು ಅದು.

ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು. “ಅಯ್ಯೋ ನೋಡ್ರೇ, ಟಗರು ದೇವರ ಪಂಚೆನೇ ತಿಂತಾ ಐತೆ! ನಮ್ಮನೇದೂ ಥೇಟ್ ಹಿಂಗೇ!”

ಊರೆಲ್ಲ ನಕ್ಕಿತು. ಬದುಕಿದೆ ಅಂದುಕೊಂಡೆ. ಆಗ ಕೆಂಚಪ್ಪ ಎಂಬ ಕುರಿಗಾರ ಮುಂದೆ ಬಂದ.

“ನಗಬ್ಯಾಡ್ರಿ. ಕಿವಿ ನೋಡ್ರಿ.”

ಮಂದೆ ಬೆರೆತಾಗ ಗುರುತು ಸಿಗಲೆಂದು ಒಂದೊಂದು ಮನೆಯವರು ತಮ್ಮ ಕುರಿಗಳ ಕಿವಿಯನ್ನು ಒಂದೊಂದು ಆಕಾರಕ್ಕೆ ಕೊಯ್ದಿರುತ್ತಾರೆ. ನನಗೆ ಅದು ತಿಳಿದಿರಲಿಲ್ಲ.

“ಇಪ್ಪತ್ತೊಂದೂ ಈರಜ್ಜನವೇ ಅವೆ. ಅವನವು ಬೆಟ್ಟದ ಕೆಳಗೆ ಬೆಚ್ಚಗಿರಬೇಕು, ನಮ್ಮವು ಮಳೇಲಿ ಸಾಯ್ಬೇಕಾ? ಸುಣ್ಣ ಹೊಡೀರಿ ಗೋಡೆಗೆ!”

“ನಾನೇನು ಹೇಳಿ ಬರೆಸಿಲ್ಲ ಕಣ್ರಲೇ!” ಈರಜ್ಜ ಕೂಗಿದ. ಯಾರೂ ಕೇಳಲಿಲ್ಲ. ಸುಣ್ಣದ ಬಕೆಟ್ಟು ಬಂದೇಬಿಟ್ಟಿತು. ನಾನು ಗೋಡೆಗೆ ಬೆನ್ನು ಕೊಟ್ಟು ನಿಂತೆ.

“ಎಲ್ಲಾ ಮನೆ ಕಿವಿನೂ ಹಾಕ್ತೀನಿ! ಒಂದೊಂದು ಕುರಿ ಹಿಡ್ಕಂಬರ್ರಿ!”

ಎರಡು ದಿನ ಗುಡಿಯ ಮುಂದೆ ಕುರಿಗಳ ಸಾಲು. ಕಿವಿ ನೋಡಿ ನೋಡಿ ತಿದ್ದಿದೆ. ಇಪ್ಪತ್ನಾಲ್ಕು ಮನೆಗೆ ಸಾಲದೆ ಇನ್ನೂ ಮೂರು ಕುರಿ ಬರೆದೆ. ಈರಜ್ಜನಿಗೆ ಉಳಿದದ್ದು ಆ ಟಗರೊಂದೇ. “ದೇವರ ಪಂಚೆಗೆ ಬಾಯಿ ಹಾಕೋ ಧೈರ್ಯ ನಮ್ಮನೇದಕ್ಕೆ ಮಾತ್ರ ಐತೆ” ಎಂದು ಅವನು ಎಲ್ಲರೆದುರು ಎದೆಯುಬ್ಬಿಸಿದ.

ಮೂರನೇ ದಿನ ಡೊಳ್ಳು ಬಡಿದು, ನನಗೆ ಹೊಸ ಕಂಬಳಿ ಹೊದಿಸಿ, ಊರೊಳಗೆ ಮೆರೆಸಿದರು. “ದೇವರ ಪಕ್ಕ ನಮ್ಮನ್ನ ನಿಲ್ಸಿದೆ ಕಣಪ್ಪ” ಎಂದ ಈರಜ್ಜ. ನಾನು ನಿಜ ಹೇಳಲಿಲ್ಲ. ಶ್ರೀರಾಂಪುರ, ಹೊಳಲ್ಕೆರೆ ಕಡೆಯಿಂದ ಸಾಲಾಗಿ ಕರೆ ಬಂದವು. ಒಂದು ಊರಿನಲ್ಲಿ ರಾಮಸೇತುವೆ ಬರೆದಾಗ, ಕಪಿಗಳು ಸುತ್ತಿಗೆ ಹೇಗೆ ಹಿಡಿಯಬೇಕೆಂದು ಅಲ್ಲಿನ ಕಲ್ಲು ಒಡೆಯುವವರೇ ನನಗೆ ತೋರಿಸಿಕೊಟ್ಟರು. ನಾನು ಮತ್ತೆ ಲಾರಿ ಬರೆಯಲಿಲ್ಲ.

ಈರಜ್ಜ ಈಗಿಲ್ಲ. ಅವನೆದುರು ಒಪ್ಪಿಕೊಳ್ಳಬೇಕಾದ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ: ಆ ಕುರಿಗಳನ್ನು ನಾನು ಬರೆದದ್ದು ಭಕ್ತಿಯಿಂದಲ್ಲ, ಆ ಜನರನ್ನು ಹೀಯಾಳಿಸಲು. ಭಯದಲ್ಲಿ ನಾನಾಡಿದ ಸುಳ್ಳನ್ನು ಅವರು ನಂಬಿ ನಿಜ ಮಾಡಿದರು. ಆಮೇಲೆ ಯಾವ ಊರಿಗೆ ಹೋದರೂ ಕುಂಚ ಅದ್ದುವ ಮೊದಲು ಒಂದು ಪ್ರಶ್ನೆ ಕೇಳುವುದನ್ನು ಕಲಿತೆ: “ಇದರಾಗೆ ನಿಮ್ಮನ್ನ ಎಲ್ಲಿ ನಿಲ್ಲಿಸ್ಲಿ?”