ಎತ್ತಿನ ಪಾರ್ಟಿ ಯಾವುದು?

ಎತ್ತಿಗೆ ಪಾರ್ಟಿ ಇರುತ್ತದೆಯೇ? ಇರುತ್ತದೆ. ಹೋದ ರವಿವಾರ ಕಣ್ಣಾರೆ ನೋಡಿ ಬಂದಿದ್ದೇನೆ.

"ಆ ಎತ್ತು ಅವ್ರ ಪಾರ್ಟಿದೈತ್ರಿ" ಎಂದು ನಮ್ಮ ಊರಿನ ಹಿರಿಯರೊಬ್ಬರು ಎಲೆ ಜಗಿಯುತ್ತ ಹೇಳಿದರು. ಮುಖದಲ್ಲಿ ನಗುವಿನ ಸುಳಿವಿಲ್ಲ. (ಊರಿನ ಹೆಸರು ಬರೆಯುವುದಿಲ್ಲ. ವಿಜಾಪುರದ ಬಸ್ಸಿನಿಂದ ಬಬಲೇಶ್ವರದಲ್ಲಿ ಇಳಿದು ಒಂದು ತಾಸು ನಡೆಯಬೇಕು, ಅಷ್ಟು ಸಾಕು. ನಾನು ಮತ್ತೆ ಅಲ್ಲಿಗೆ ಹೋಗಬೇಕಲ್ಲ!)

ಸಂಗತಿ ಇಷ್ಟು. ನನ್ನ ಅಕ್ಕ ಗಂಗವ್ವ, ಭಾವ ತೀರಿಕೊಂಡ ಮೇಲೆ ಒಬ್ಬಳೇ ಒಕ್ಕಲುತನ ನಡೆಸಿದವಳು. ಅವಳ ಹತ್ತಿರ ಇರುವುದು ಒಂದೇ ಎತ್ತು. ಹಿಂದಿನ ಓಣಿಯ ಈರಪ್ಪಣ್ಣನ ಹತ್ತಿರವೂ ಒಂದೇ. ಎರಡನ್ನೂ ಕೂಡಿಸಿ ಹೂಡುವುದು. ಒಂದು ದಿನ ಅವಳ ಹೊಲ, ಮರುದಿನ ಅವನ ಹೊಲ. ಅವನು ಕೂರಿಗೆ ಹೊಡೆಯುತ್ತಾನೆ, ಅಕ್ಕ ಬೀಜ ಬಿಡುತ್ತ ಹಿಂದೆ ನಡೆಯುತ್ತಾಳೆ. ಎಂಟು ವರ್ಷದಿಂದ ಹೀಗೇ ನಡೆದಿದೆ.

ಈಗ ಉತ್ತರಿ ಮಳೆ ಚೆನ್ನಾಗಿ ಬಿದ್ದಿದೆ. ಎರೆ ಹೊಲ ಹದಕ್ಕೆ ಬಂದಿದೆ. ಜೋಳ ಬಿತ್ತಲು ಏಳೆಂಟು ದಿನ ಸಿಕ್ಕರೆ ಹೆಚ್ಚು. ಹಸಿ ಆರಿತೋ, ಅಕ್ಕನ ವರ್ಷದ ರೊಟ್ಟಿ ಹೋಯಿತು. ಆದರೆ ಎರಡು ಎತ್ತುಗಳೂ ಎರಡು ಓಣಿಗಳಲ್ಲಿ ಮೇವು ತಿನ್ನುತ್ತ ನಿಂತಿವೆ. ಯಾಕೆ? ಪಂಚಾಯತಿ ಇಲೆಕ್ಷನ್ ಆಯಿತಲ್ಲ, ಸ್ವಾಮಿ!

ಗೆದ್ದವನು ಹಿಂದಿನ ಓಣಿಯ ಮಲ್ಲಪ್ಪ. ಸೋತದ್ದು ಮುಂದಿನ ಓಣಿಯವರು, ಅಂದರೆ ನಾವು. ಸೋತ ಸಿಟ್ಟಿಗೆ ನಮ್ಮವರು ಮಲ್ಲಪ್ಪನನ್ನು ಕಳ್ಳ ಎಂದರು. ಅದಕ್ಕೆ ಹಿಂದಿನ ಓಣಿಯವರು ಠರಾವು ಮಾಡಿದರು: ಮುಂದಿನ ಓಣಿಯವರ ಜೊತೆ ಎತ್ತು ಹೂಡಿದವರ ಮನೆಯ ಹೊಸ್ತಿಲು ಯಾರೂ ತುಳಿಯಬಾರದು. ನಮ್ಮ ಓಣಿಯಲ್ಲಿ ಯಾರಾದರೂ ಅಕ್ಕನಿಗೆ ಎತ್ತು ಕೊಟ್ಟರೇ? ಇಲ್ಲ. ಎಲ್ಲರಿಗೂ ತಮ್ಮ ತಮ್ಮ ಬಿತ್ತಿಗೆಯ ಗಡಿಬಿಡಿ. ಕೊಟ್ಟದ್ದು ಬರೀ ಶಾಬಾಸಗಿರಿ: "ಬಗ್ಗಬ್ಯಾಡ ಗಂಗವ್ವಾ!"

ಅಭಿಪ್ರಾಯ ಭೇದ ಇದ್ದದ್ದೇ ಅನ್ನುತ್ತೀರಾ? ನನ್ನ ಪಿತ್ತ ಕೆರಳಿದ್ದು ಇಲ್ಲೇ.

ಅಕ್ಕ ರೊಟ್ಟಿ ಬಡಿಯುತ್ತ ಹೇಳಿದಳು, "ಬಾವಿ ಕಡೆ ಹೊಸಾ ಸಾಲಿ ಕಟ್ತಾರಂತ ತಮ್ಮಾ. ಹುಡುಗೂರು ಬಿದ್ದು ಸತ್ರ ಯಾರು ಹೊಣಿ?"

"ಯಕ್ಕಾ, ಬಾವಿ ಕಡೇನ ಕಟ್ಟಬೇಕಂತ ನಾಕು ವರ್ಷ ವಾದಾ ಮಾಡಿದಾಕಿ ನೀನ ಅಲ್ಲೇನು?"

"ಆವಾಗಿನ ಮಾತು ಬ್ಯಾರೆ. ಈಗ ಆ ಓಣಿಯವ್ರು ಹೇಳಾಕತ್ತಾರ."

ಎದ್ದು ಈರಪ್ಪಣ್ಣನ ಮನೆಗೆ ಹೋದೆ. ಶಾಲೆ ಗುಡಿಯ ಹತ್ತಿರವೇ ಆಗಬೇಕೆಂದು ಅದೇ ನಾಲ್ಕು ವರ್ಷ ಅಕ್ಕನ ಜೊತೆ ಜಗಳಾಡಿದವನು ಅವನು. ಈಗ? "ಗುಡಿ ಕಡೆ ಗದ್ದಲ ಭಾಳರಿ ಮಾಸ್ತರ್ರ. ಬಾವಿ ಕಡೆನ ಛಲೋ. ನಮ್ಮವ್ರು ವಿಚಾರ ಮಾಡೇ ಹೇಳಿರ್ತಾರ."

ನೋಡಿದಿರಾ? ಇಬ್ಬರೂ ತಮ್ಮ ಅಭಿಪ್ರಾಯವನ್ನು ಅದಲುಬದಲು ಮಾಡಿಕೊಂಡಿದ್ದಾರೆ! ಅಕ್ಕನದು ಅವನಿಗೆ, ಅವನದು ಅಕ್ಕನಿಗೆ. ಸಾಲು ಸಾಲಿಗೂ ಜಗಳಾಡುತ್ತ ಎಂಟು ಬಿತ್ತಿಗೆ ಮುಗಿಸಿದವರು. ಆಗ ನೊಗ ಮುರಿಯಲಿಲ್ಲ. ಈಗ ಮುರಿಯಿತು. ಶಾಲೆ ಎಲ್ಲಿದ್ದರೆ ಮಕ್ಕಳಿಗೆ ಒಳ್ಳೆಯದು ಎಂದು ಕೇಳುವವರೇ ಇಲ್ಲ. ಹೇಳಿದವನು ಯಾವ ಓಣಿಯವನು? ಅಷ್ಟು ಗೊತ್ತಾದರೆ ಮುಗಿಯಿತು, ತಲೆಗೆ ರಜೆ. ಇದಕ್ಕೇನಾ ನಾವು ವೋಟಿನ ಹಕ್ಕು ಪಡೆದದ್ದು? ಮೈಯೆಲ್ಲ ಉರಿದು ಹೋಯಿತು.

"ನಾಚಿಕಿ ಬರೂದಿಲ್ಲೇನು ಈರಪ್ಪಣ್ಣಾ? ನಿಮ್ಮ ಹಟಕ್ಕ ಒಬ್ಬ ಹೆಣ್ಮಗಳ ಹೊಲಾ ಬೀಳು ಬೀಳಬೇಕೇನು?" ಎಂದು ಕೂಗಾಡಿದೆ.

ಅವನು ಸಿಟ್ಟಾಗಲಿಲ್ಲ. ತಗ್ಗಿದ ದನಿಯಲ್ಲಿ ಕೇಳಿದ, "ನನ್ನ ಹೊಲಾನೂ ಹಂಗ ಬಿದ್ದೈತ್ರಿ. ಒಂದು ಮಾತು ಹೇಳ್ರಿ. ಮಲ್ಲಪ್ಪ ನಿಮ್ಮ ಜೋಡಿ ಸಾಲಿ ಕಲ್ತಾಂವ. ಅಂವಾ ಕಳ್ಳ ಏನ್ರಿ?"

"ಛೆ, ಅಲ್ಲ."

"ಅದ ಮಾತು ನಿಮ್ಮ ಓಣಿ ಕಟ್ಟಿ ಮ್ಯಾಲ ನಿಂತು ಹೇಳ್ರಿ. ನೀವು ಹೇಳಿದ್ರ ನಮ್ಮವ್ರೂ ತಣ್ಣಗಾಗ್ತಾರ. ನಾಳಿ ಮುಂಜಾನೆನ ಎತ್ತು ಹೂಡತೇನಿ."

ಇಷ್ಟೇ ತಾನೇ? ವಿಜಾಪುರದ ಹೈಸ್ಕೂಲಿನಲ್ಲಿ ಪ್ರಜಾಪ್ರಭುತ್ವದ ಪಾಠ ಹೇಳುವವನು ನಾನು. ವಾರ ವಾರ ಈ ಅಂಕಣದಲ್ಲಿ ನಿಮಗೆ ಬುದ್ಧಿ ಹೇಳುವವನು. ಧಿಮಾಕಿನಿಂದಲೇ ಕಟ್ಟೆಗೆ ಹೋದೆ. ಹತ್ತು ಹನ್ನೆರಡು ಜನ ಕೂತಿದ್ದರು, ಎಲ್ಲ ನಮ್ಮವರೇ. "ಬಾರಪಾ ಮಾಸ್ತರಾ, ಕೂಡ್ರು" ಎಂದು ಪ್ರೀತಿಯಿಂದ ಜಾಗ ಮಾಡಿಕೊಟ್ಟರು. ಎತ್ತಿನ ಪಾರ್ಟಿ ಗೊತ್ತಿದ್ದ ಹಿರಿಯರು ಚಹಾ ತರಿಸಿದರು. "ಆ ಕಳ್ಳ ಮಲ್ಲಪ್ಪ..." ಎಂದು ಯಾರೋ ಶುರುಮಾಡಿದರು. ಎಲ್ಲರೂ ನನ್ನ ಮುಖ ನೋಡಿದರು.

ನಾನು ಬಾಯಿ ತೆರೆದೆ.

"ಈ ಸಲ ಮಳಿ ಛಲೋ ಆಗೇತಿ" ಎಂದೆ.

ಚಹಾ ಕುಡಿದು, ಅಕ್ಕನಿಗೆ ಮುಖವನ್ನೂ ತೋರಿಸದೆ ಬಬಲೇಶ್ವರಕ್ಕೆ ನಡೆದು ಸಂಜೆಯ ಬಸ್ಸು ಹಿಡಿದೆ. ಇವತ್ತಿಗೆ ನಾಲ್ಕು ದಿನ. ಹೊಲದ ಹಸಿ ಆರುತ್ತಿದೆ. ಆಡಬೇಕಾದ ಮಾತು ಇನ್ನೂ ನನ್ನ ಬಾಯಲ್ಲೇ ಇದೆ.

ಎತ್ತುಗಳ ಕೊರಳಲ್ಲಿ ಹಗ್ಗವಾದರೂ ಕಾಣುತ್ತದೆ. ನನ್ನ ನಾಲಿಗೆಯನ್ನು ಕಟ್ಟಿದವರು ಯಾರು?