ಕಾಡುಸೇಬಿಗೆ ಹೊದೆಸಿದ ಕಂಬಳಿ

ಬಂಗುಡೆ ಕ್ಲೀನ್ ಮಾಡುತ್ತಿದ್ದೆ. ಫ್ರೀಜರಿನ ಬಂಗುಡೆ, ಐಸು ಬಿಡುವಷ್ಟರಲ್ಲಿ ಬೆರಳೆಲ್ಲ ಮರಗಟ್ಟಿತ್ತು. ಆಗ ಫೋನು ಸದ್ದು ಮಾಡಿತು. ಮೀನಿನ ಕೈಯಲ್ಲಿ ಮುಟ್ಟುವುದು ಹೇಗೆ, ನೀವೇ ಹೇಳಿ. ಮಗಳನ್ನು ಕರೆದೆ. ಅವಳು ಮೂಗು ಮುಚ್ಚಿಕೊಂಡೇ ಬಂದು ಒತ್ತಿದಳು. ಉಮ್ಮು ಸಾಮಿ ಕಳಿಸಿದ ವಾಯ್ಸ್ ಮೆಸೇಜು: "ಮಕ್ಕಾದಲ್ಲಿ ಉಮ್ರಾ ಮುಗಿಯಿತು, ಜಿದ್ದಾದಲ್ಲಿದ್ದೇನೆ. ಶುಕ್ರವಾರ ಹಫ್ರ್‌ಗೆ ಬರುತ್ತೇನೆ, ಎರಡು ದಿನ ನಿನ್ನ ಮನೆಯಲ್ಲೇ. ನನ್ನ ಗಿಡ ಹೇಗಿದೆ?"

ಬಂಗುಡೆ ಕೈಜಾರಿ ಸಿಂಕಿಗೆ ಬಿತ್ತು.

ಉಮ್ಮು ಸಾಮಿ ಎಂದರೆ ಸಾಮಿಯ ತಾಯಿ. ಇಲ್ಲಿ ಸೌದಿಯಲ್ಲಿ ಅರಬಿ ಹೆಂಗಸರನ್ನು ಹಿರಿಮಗನ ಹೆಸರು ಸೇರಿಸಿಯೇ ಕರೆಯುವುದು. ಸಿರಿಯಾದವರು, ನಾಲ್ಕು ವರ್ಷ ನಮ್ಮ ಎದುರು ಬಾಗಿಲು. ನನ್ನ ಅರಬಿ ತರಕಾರಿ ಅಂಗಡಿಯಿಂದ ಆಚೆ ಹೋಗದು, ಆದರೂ ನಮ್ಮ ಮಾತು ನಿಂತದ್ದಿಲ್ಲ. ಅವರ ಟೆರೇಸಿನಲ್ಲಿ ದೊಡ್ಡ ಕುಂಡ, ಅದರಲ್ಲಿ ನನ್ನ ಸೊಂಟದೆತ್ತರದ ಕುಳ್ಳ ಕಾಡುಸೇಬಿನ ಗಿಡ. ಚಳಿ ಕಳೆದ ಮೇಲೆ ಬಿಳಿ-ಗುಲಾಬಿ ಹೂ, ಆಮೇಲೆ ಬೋರೆಹಣ್ಣಿನಷ್ಟೇ ಸಣ್ಣ ಕೆಂಪು ಸೇಬು. ಅಂದಕ್ಕೆಂದೇ ಸಾಕುವುದಂತೆ. ಹುಳಿ ಹಣ್ಣು ಕಂಡರೆ ನಮ್ಮ ಊರಿನವರ ಕೈ ಸುಮ್ಮನಿರುತ್ತದಾ? ಮೆಣಸಿನ ಹುಡಿ ಹಾಕಿ ಉಪ್ಪಿನಕಾಯಿ ಮಾಡಿಕೊಟ್ಟೆ. ಕಣ್ಣಲ್ಲಿ ನೀರು ಸುರಿಸುತ್ತಾ ತಿಂದು, "ನಿನಗೆ ನನ್ನ ಮೇಲೆ ಎಂತ ಸಿಟ್ಟು?" ಅಂದರು. ಮರುದಿನ ಇನ್ನೊಂದು ಬಾಟಲಿ ಕೇಳಿದರು.

ಅವರು ಸಿರಿಯಾಕ್ಕೆ ಮರಳುವ ದಿನ ಕುಂಡವನ್ನು ನನ್ನ ಬಾಗಿಲಿಗೆ ತಳ್ಳಿಕೊಂಡು ಬಂದರು. "ಇದು ಅಮಾನತ್. ನಾನು ಬಂದಾಗ ತೋರಿಸು." ಅಮಾನತ್ ಅಂದರೆ ನಂಬಿ ಒಪ್ಪಿಸಿದ್ದು, ನಾಳೆ ಅಲ್ಲಾಹನ ಮುಂದೆಯೂ ಉತ್ತರ ಹೇಳಬೇಕಾದ್ದು. ಆಗ ಜೂನ್ ತಿಂಗಳ ಸೆಕೆ. ನೀರಿನ ಬಗ್ಗೆ ಹೇಳಿದರು, ಬಿಸಿಲಿನ ಬಗ್ಗೆ ಹೇಳಿದರು. ಚಳಿಯ ಸುದ್ದಿಯೇ ಬರಲಿಲ್ಲ.

ಬೇಸಿಗೆಯಲ್ಲಿ ಎ.ಸಿ.ಯಿಂದ ತೊಟ್ಟಿಕ್ಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಹಾಕಿದೆ. ಡಿಸೆಂಬರ್ ಬಂತು. ನಾವಿರುವ ಈ ಹಫ್ರ್ ಊರಿನ ಚಳಿ ನಿಮಗೆ ಗೊತ್ತಿಲ್ಲ ಮಾರಾಯ್ರೆ. ಕಡಲ ಬದಿಯಲ್ಲಿ ಹುಟ್ಟಿದ ನನಗೆ ನಮಾಝಿಗೆ ಕೈಕಾಲು ತೊಳೆದು ವುಝೂ ಮಾಡುವಾಗ ಹಲ್ಲು ಕಟಕಟ ಅನ್ನುತ್ತದೆ. ಗಿಡ ಎಲೆ ಉದುರಿಸಿ ಬರೀ ಕಡ್ಡಿಯಾಗುತ್ತಿತ್ತು. ಒಳಗೆ ತಂದು, ಹೀಟರಿನ ಬದಿಯಲ್ಲಿಟ್ಟು, ನಮ್ಮ ಒಳ್ಳೆಯ ಕಂಬಳಿ ಹೊದೆಸಿದೆ. "ಕಾಲುಚೀಲವೂ ಹಾಕು ಅದಕ್ಕೆ," ಎಂದರು ಇವರು. ಇದು ಮೂರನೇ ಚಳಿಗಾಲ, ಈಗಲೂ ಹೀಗೆಯೇ. ಒಂದು ಹೂವೂ ಬಿಡಲಿಲ್ಲ. ಪ್ರತಿ ವರ್ಷ ಉಮ್ಮು ಸಾಮಿ ಕೇಳುತ್ತಿದ್ದರು; "ಅಲ್‌ಹಮ್ದುಲಿಲ್ಲಾಹ್, ಚೆನ್ನಾಗಿದೆ," ಅನ್ನುತ್ತಿದ್ದೆ. ಸುಳ್ಳಲ್ಲ. ಪೂರ್ತಿ ಸತ್ಯವೂ ಅಲ್ಲ.

ಮಗಳು ಅಲ್ಲೇ ನಿಂತು ಫೋನಿನಲ್ಲಿ ಹುಡುಕಿದಳು. "ಉಮ್ಮಾ, ಈ ಗಿಡಕ್ಕೆ ಚಳಿ ಬೇಕಂತೆ. ಚಳಿಯಲ್ಲಿ ಮಲಗಿ ಎದ್ದರೆ ಮಾತ್ರ ಹೂ. ನೀವು ಮೂರು ವರ್ಷ ಅದನ್ನು ಮಲಗಲಿಕ್ಕೇ ಬಿಡಲಿಲ್ಲ!"

"ಸತ್ತುಹೋಯಿತು ಅಂತ ಹೇಳಿಬಿಡು, ಆಯಿತಲ್ಲ," ಎಂದರು ಇವರು ಹಾಲ್‌ನಲ್ಲಿ ಕೂತಲ್ಲಿಂದಲೇ.

ನನಗೆ ತಲೆಬುಡ ತಿಳಿಯಲಿಲ್ಲ. ಕರುಣೆ ತೋರಿಸಿದ್ದು ತಪ್ಪಾ? ಆ ದಿನ ಸಿಕ್ಕಿದ ಸಣ್ಣಸಣ್ಣ ಕರುಣೆಗಳನ್ನು ರಾತ್ರಿಯ ಇಶಾ ನಮಾಝಿನ ನಂತರ ಬೆರಳಲ್ಲಿ ಎಣಿಸುವುದು ನನ್ನ ರೂಢಿ: ಕರೆಂಟು ಹೋಗಲಿಲ್ಲ, ಇಲ್ಲಿರಲು ಬೇಕಾದ ಇವರ ಇಕಾಮಾ ರಿನ್ಯೂ ಆಯಿತು, ಊರಿನಿಂದ ಫೋನು ಬಂತು. ಬೆಚ್ಚಗಿದ್ದದ್ದನ್ನೆಲ್ಲ ಎಣಿಸಿದ್ದೇನೆ, ಚಳಿಯನ್ನು ಒಂದು ದಿನವೂ ಎಣಿಸಿದ್ದಿಲ್ಲ. ಹಾಗಾದರೆ ಇಷ್ಟು ವರ್ಷ ಏನೇನು ಬಿಟ್ಟುಹೋಗಿರಬಹುದು? ಈಗಲೂ ಗೊತ್ತಿಲ್ಲ.

ಕಂಬಳಿ ಸರಿಸಿ, ಮೀನು ವಾಸನೆಯ ಹೆಬ್ಬೆರಳಿನ ಉಗುರಿನಿಂದ ತೊಗಟೆ ಸ್ವಲ್ಪ ಕೆರೆದೆ. ಒಳಗೆ ಹಸಿರು. ಒಂದು ಎಣಿಸಿಕೊಂಡೆ.

ಕೈ ತೊಳೆದು ಫೋನು ಹಿಡಿದು ನಾನೂ ವಾಯ್ಸ್ ಮೆಸೇಜು ಕಳಿಸಿದೆ. "ಉಮ್ಮು ಸಾಮಿ, ಗಿಡ ಬದುಕಿದೆ. ಆದರೆ ಒಮ್ಮೆಯೂ ಹೂ ಬಿಡಲಿಲ್ಲ. ಚಳಿಯಾದೀತೆಂದು ನಾನೇ ಒಳಗಿಟ್ಟೆ. ಮಾಫ್ ಮಾಡಿ." ಆಮೇಲೆ ಇವರೂ ನಾನೂ ಕುಂಡವನ್ನು ಟೆರೇಸಿಗೆ ಎಳೆದೆವು. ಗಾಳಿ ಬೀಸಿತು, ಕೈ ತಾನಾಗಿ ಕಂಬಳಿಗೆ ಹೋಯಿತು. ತಡೆದುಕೊಂಡೆ.

ಉತ್ತರ ಇನ್ನೂ ಬಂದಿಲ್ಲ. ಬಂಗುಡೆಗೆ ಮಸಾಲೆ ಹಚ್ಚಲು ಮಗಳಿಗೆ ಹೇಳಿ ಕಂಬಳಿ ಕೊಡವಿದೆ. ಒಣ ಎಲೆಗಳು ಉದುರಿದವು. ಕಂಬಳಿಯನ್ನು ವಾಷಿಂಗ್ ಮೆಶಿನಿಗೆ ತುಂಬಿದೆ. ಶುಕ್ರವಾರ ಉಮ್ಮು ಸಾಮಿಗೆ ಹೊದೆಯಲು ಬೇಕು.