ಮುದ್ರೆ ಬಿದ್ದ ಬದಿ

೧೯೫೧ರ ಜೂನ್‌ನ ಒಂದು ಸೋಮವಾರ, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ, ಬೀದರಿನ ಶಿಕ್ಷಕರ ತರಬೇತಿ ಶಾಲೆಯ ಗ್ರಂಥಪಾಲಕ ಮಡೆಪ್ಪ ಖಾಲಿ ಕಪಾಟಿನ ಮುಂದೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ. ಜ್ವರ ಬಿಟ್ಟು ಅಂದೇ ಕೆಲಸಕ್ಕೆ ಬಂದಿದ್ದ.

ಆ ಕಪಾಟಿನಲ್ಲಿ ಕೈಬರಹದ ಕನ್ನಡ ಓದುಪುಸ್ತಕಗಳಿದ್ದವು. ನಿಜಾಮರ ಕಾಲದಲ್ಲಿ ಸರ್ಕಾರಿ ಶಾಲೆಯ ಪಾಠವೆಲ್ಲ ಉರ್ದುವಿನಲ್ಲಿ. ಮನೆಯ ಪಡಸಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸಿದವರು ತಾವೇ ಬರೆದು, ಹೊಲಿದುಕೊಂಡಿದ್ದ ಪುಸ್ತಕಗಳವು. ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮರ ಆಳ್ವಿಕೆ ಮುಗಿದ ಮೇಲೆ ಮಡೆಪ್ಪ ರಜೆಯಲ್ಲೆಲ್ಲ ಭಾಲ್ಕಿ, ಔರಾದ, ಎಕಂಬಾ ತಿರುಗಿ ಬೇಡಿ ತಂದಿದ್ದ. ಔರಾದಿನ ಶಿಕ್ಷಕ ಪ್ರಭಾಕರರಾಯರು ಅವುಗಳ ಮೇಲೆ ಪ್ರಬಂಧ ಬರೆಯುವವರಿದ್ದರು. ಗುರುವಾರ ಬರುತ್ತೇನೆಂದಿದ್ದರು.

“ಮಜೀದ, ಇಲ್ಲಿದ್ದವು ಎಲ್ಲೋ?”

“ರದ್ದಿಗಿ ಹೋದವ್ರಿ,” ಎಂದ ಜವಾನ ಅಬ್ದುಲ ಮಜೀದ. “ಮೊದಲ ಹಾಳಿಗಿ ಶಾಲಿ ಮುದ್ರಿ ಇಲ್ಲದ್ದು ಮಾರಂತ ಹೆಡ್‌ಮಾಸ್ತರ ಹುಕುಂ ಅದಲ್ಲರಿ? ಒಂದೊಂದೂ ತೆರದು ನೋಡೀನಿ.”

“ನಾನೇ ಹೊಡದೀನಲ್ಲೋ ಮುದ್ರಿ!”

ಕಪಾಟಿನ ಹಿಂದೆ ಬಿದ್ದಿದ್ದ ಒಂದನ್ನು ಮಜೀದ ಎತ್ತಿ ತೋರಿಸಿದ. ಮುದ್ರೆ ಕೊನೆಯ ಹಾಳೆಯ ಮೇಲಿತ್ತು. ಉರ್ದು ಪುಸ್ತಕ ಬಲದಿಂದ ತೆರೆಯುತ್ತದೆ. ಮೂವತ್ತು ವರ್ಷ ಅದನ್ನೇ ತೆರೆದ ಮಡೆಪ್ಪನ ಕೈ, ಜ್ವರ ಏರುತ್ತಿದ್ದ ದಿನ ಮುದ್ರೆ ಹೊಡೆಯುವಾಗ, ಕನ್ನಡವನ್ನೂ ಬಲದಿಂದಲೇ ತೆರೆದಿತ್ತು.

“ಉರ್ದು ಉಳೀತು, ಕನ್ನಡ ಹೋಯ್ತು. ಹೊಸ ಸರ್ಕಾರ ನಮ್ಮಿಬ್ಬರಿಗೂ ಶಾಲು ಹೊಚ್ಚತದ ನೋಡ್ರಿ ಮಡೆಪ್ಪಣ್ಣ,” ಎಂದ ಮಜೀದ. ನಗಲಿಲ್ಲ.

ಮರುದಿನ ಇಬ್ಬರೂ ಭಾಲ್ಕಿಗೆ ಹೋದರು. ಶಾಲೆಯ ರದ್ದಿ ಕೊಂಡಿದ್ದ ಅಲ್ಲಿನ ವ್ಯಾಪಾರಿ ಮಾಣಿಕ ಮೂಟೆಗಳತ್ತ ಕೈ ತೋರಿಸಿದ.

“ಹುಡುಕ್ರಿ ಗುರುಗಳ. ಕೈಬರದ್ದು ಹಾಳಿ ಗಟ್ಟಿ ಇರತಾವ. ಕಿರಾಣಿಯವರು ಅವನ್ನೇ ಮೊದಲ ಒಯ್ದ್ರು, ಸಾಮಾನಿನ ಪುಡಿಕಿ ಕಟ್ಟಾಕ.”

ಸಂಜೆಯವರೆಗೆ ಮೂಟೆ ಬಿಚ್ಚಿದರು. ಬಳಿಕ ಅಂಗಡಿ ಅಂಗಡಿ ಕೇಳಿದರು. ಒಂದು ಕಡೆ ಕಾಗುಣಿತದ ಹಾಳೆಯಲ್ಲಿ ಅರಿಶಿನ ಕಟ್ಟಿಟ್ಟಿತ್ತು. ಅಂಗಡಿಯವ ಬಿಚ್ಚಿ ಕೊಟ್ಟ. ಅದರ ಉಳಿದ ಹಾಳೆಗಳು ಸಿಗಲಿಲ್ಲ. ವಾಪಸು ಬರುವಾಗ ಮಡೆಪ್ಪನ ಚೀಲದಲ್ಲಿ ಹದಿಮೂರು ಪುಸ್ತಕಗಳಿದ್ದವು.

ಗುರುವಾರ ಪ್ರಭಾಕರರಾಯರು ಎಲ್ಲ ಕೇಳಿ ಮೇಜಿನ ಮೇಲಿದ್ದ ಪುಸ್ತಕಗಳನ್ನು ಎಣಿಸಿದರು.

“ಇಲ್ಲಿದ್ದುದೂ ಸೇರಿ ಹದಿನಾಕು. ಇಷ್ಟೇ ಇದ್ದವು ಅಂತ ಬರೀತೇನಿ. ಉಳದದ್ದು ಯಾರಿಗಿ ಗೊತ್ತದ? ನಿಮ್ಮ ನೌಕರಿಗೂ ಧಕ್ಕಿ ಇಲ್ಲ.”

ಮಡೆಪ್ಪನಿಗೆ ಬಳಲಿಕೆಯಿಂದ ನಿಲ್ಲಲಾಗುತ್ತಿರಲಿಲ್ಲ. ಹೂಂ ಎಂದರೆ ಮುಗಿಯುತ್ತಿತ್ತು. ಆದರೆ ಹಾಗಂದರೆ, ಕಳೆದುಹೋದ ಪುಸ್ತಕಗಳನ್ನು ಬರೆದ ಅಷ್ಟು ಜನ ಬರೆದೇ ಇಲ್ಲವೆಂದಾಗುತ್ತಿತ್ತು.

“ಬ್ಯಾಡ್ರಿ ರಾಯರ. ನನ್ನ ಕೈಯಿಂದ ಹೋದವು ಅಂತ ಬರೀರಿ.”

“ಹಂಗಾರ ಒಟ್ಟು ಎಷ್ಟಿದ್ದವು?”

“ನಲವತ್ತೊಂದು,” ಎಂದ ಮಡೆಪ್ಪ.